ದಿನಾ ಬರ್ತಾಳೋ, ಪರೀಕ್ಷೆಗಷ್ಟೋ?

ಫಲಿತಾಂಶ ಬಂದಿದೆ, ಕೈಯಲ್ಲಿ ಅರ್ಜಿ ಇದೆ, ಬಸ್ಸು ಹತ್ತಿದರೆ ಒಂದು ತಾಸಿನಲ್ಲಿ ಕಾನೂನು ಕಾಲೇಜೂ ಇದೆ. ಅಲ್ಲಿ ಪಾಠ ನಡೆಯುತ್ತದೆಯೆ? ಸಣ್ಣ ಊರಿನ ಲಾ ಕಾಲೇಜಿನ ಬಂಡವಾಳ ಮಾಹಿತಿ ಪುಸ್ತಕದಲ್ಲಿ ಸಿಗದು. ಗ್ರಂಥಾಲಯದ ರಿಜಿಸ್ಟರು, ಕೋರ್ಟಿಗಿರುವ ದೂರ, ಗೇಟಿನೆದುರಿನ ಚಹಾದಂಗಡಿ ಇವುಗಳನ್ನು ಕೇಳಬೇಕು!

ಅಕ್ಕನ ಮಗಳ ಸೀಟಿಗೆಂದು ಹೋದ ಮೊದಲ ಕಾಲೇಜಿನ ಗುಮಾಸ್ತರು ಅರ್ಜಿಯಿಂದ ಕಣ್ಣೆತ್ತದೆ ಕೇಳಿದರು: “ದಿನಾ ಬರ್ತಾಳೇನ್ರೀ, ಪರೀಕ್ಷಾಕ್ಕಷ್ಟ ಬರ್ತಾಳೋ?”

ಭಾವನಿಗೆ ಪ್ರಶ್ನೆ ತಿಳಿಯಲಿಲ್ಲ. “ಹಂಗಂದ್ರ?”

“ದಿನಾ ಬರೂದಾದ್ರ ಒಂದು ಲೆಕ್ಕ, ಬರದಿದ್ರ ಒಂದು ಲೆಕ್ಕ. ಹಾಜರಿ ಚಿಂತಿ ಬ್ಯಾಡ್ರಿ, ನಾವ ನೋಡ್ಕೋತೀವಿ.” ಹೋಟೆಲಿನಲ್ಲಿ ಊಟವೋ ಪಾರ್ಸೆಲ್ಲೋ ಎಂದು ಕೇಳುವಷ್ಟೇ ಸಹಜವಾದ ದನಿ.

ಹೊರಗೆ ಜಿಟಿಜಿಟಿ ಮಳೆ. ಗೋಡೆಯ ಮೇಲೆ ಅಂಬೇಡ್ಕರರ ಫೋಟೊ, ಅದಕ್ಕೆ ಏಪ್ರಿಲ್ ಜಯಂತಿಯಂದು ಹಾಕಿದ ಹಾರ ಒಣಗಿ ಕಡ್ಡಿಯಾಗಿತ್ತು. ಅಕ್ಕನ ಮಗಳು ನೋಟಿಸ್ ಬೋರ್ಡಿನ ಮುಂದೆ ನಿಂತಿದ್ದಳು. ಅಲ್ಲಿದ್ದ ವೇಳಾಪಟ್ಟಿ ಎರಡು ವರ್ಷ ಹಳೆಯದು. ರಜೆಯ ದಿನವೇನೂ ಅಲ್ಲ, ಸೆಮಿಸ್ಟರ್ ನಡೆಯುತ್ತಿರುವಾಗಿನ ಬುಧವಾರ, ಬೆಳಗಿನ ಹತ್ತೂವರೆ. ಮೂರು ಕೋಣೆಗಳ ಪೈಕಿ ಎರಡಕ್ಕೆ ಬೀಗ. ತೆರೆದಿದ್ದ ಮೂರನೆಯದರಲ್ಲಿ ಶಿಪಾಯಿ ಕೊಡೆ ಒಣಗಿಸಲು ಹಾಕಿದ್ದ.

“ಮಾಮಾ, ಇಲ್ಲಿ ಕ್ಲಾಸ್ ಎಲ್ಲಿ ನಡೀತಾವ?” ಎಂದಳು ಹುಡುಗಿ. ಉತ್ತರ ನನಗೂ ಹೊಳೆಯಲಿಲ್ಲ.

ಎಂಜಿನಿಯರಿಂಗ್, ಮೆಡಿಕಲ್ ಸೀಟಿನ ಗದ್ದಲ ಪ್ರತಿ ಮಳೆಗಾಲವೂ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಕಾನೂನು ಸೀಟಿಗೆ ಆ ಭಾಗ್ಯವಿಲ್ಲ. ಜಿಲ್ಲಾ ಕೇಂದ್ರದ ಕಾಲೇಜಿಗೆ ಸಿಇಟಿಯೂ ಇಲ್ಲ, ಕೌನ್ಸೆಲಿಂಗಿನ ಉದ್ದದ ಸಾಲೂ ಇಲ್ಲ. ಅಂಕಪಟ್ಟಿ ಹಿಡಿದು ಹೋದರೆ ಹೆಚ್ಚಿನ ಕಡೆ ಸೀಟು ಸಿಕ್ಕೇಬಿಡುತ್ತದೆ. ಸಲೀಸಾಗಿ ಸಿಗುವ ವಸ್ತುವನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುವ ನಮ್ಮ ಜನ, ಮಗಳ ಐದು ವರ್ಷ ಒಪ್ಪಿಸುವಾಗ ತರಗತಿಯ ಬಾಗಿಲಲ್ಲೂ ಇಣುಕುವುದಿಲ್ಲ.

ಹೊಸ ಅಂಗಡಿ ಸದ್ಯಕ್ಕಿಲ್ಲ

2025ರ ಆಗಸ್ಟ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ದೇಶದಾದ್ಯಂತ ಹೊಸ ಕಾನೂನು ಕಾಲೇಜುಗಳಿಗೆ ಮೂರು ವರ್ಷ ತಡೆ ಹಾಕಿತು. ಇರುವ ಕಾಲೇಜುಗಳೂ ಪರಿಷತ್ತಿನ ಪೂರ್ವಾನುಮತಿ ಇಲ್ಲದೆ ಹೊಸ ಸೆಕ್ಷನ್ ತೆರೆಯುವಂತಿಲ್ಲ. ಕಾಲೇಜುಗಳು ಅಣಬೆಯಂತೆ ಎದ್ದವು, ಗುಣಮಟ್ಟ ನೆಲ ಕಚ್ಚಿತು ಎಂಬುದು ಪರಿಷತ್ತೇ ಕೊಟ್ಟ ಕಾರಣ. ಅನುಮತಿ ಕೊಟ್ಟವರೂ ಅವರೇ ಅಲ್ಲವೆ ಎಂದು ಕೇಳಬಹುದು. ಕೇಳಬೇಕು ಕೂಡ. ಅದೇನೇ ಇರಲಿ, ಈ ವರ್ಷ ಅರ್ಜಿ ಹಾಕುವವರು ಇರುವುದರಲ್ಲೇ ಆರಿಸಿಕೊಳ್ಳಬೇಕು.

ಇರುವುದೇನೂ ಕಡಿಮೆಯಲ್ಲ. ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿ ನೂರಕ್ಕೂ ಹೆಚ್ಚು ಕಾಲೇಜುಗಳಿವೆ. 2009ಕ್ಕೆ ಮೊದಲು ಇವು ಧಾರವಾಡ, ಮೈಸೂರು, ಬೆಂಗಳೂರು, ಮಂಗಳೂರು, ಕಲಬುರಗಿ ಎಂದು ಆಯಾ ವಿಶ್ವವಿದ್ಯಾಲಯಗಳಿಗೆ ಹಂಚಿಹೋಗಿದ್ದವು. ಈಗ ಪಠ್ಯ ಒಂದೇ, ಪ್ರಶ್ನೆಪತ್ರಿಕೆ ಒಂದೇ. ಬೆಂಗಳೂರಿನ ಹವಾನಿಯಂತ್ರಿತ ಕಾಲೇಜಿನವನೂ ತಗಡಿನ ಚಾವಣಿಯ ಕೆಳಗೆ ಕೂತವನೂ ಒಂದೇ ದಿನ ಒಂದೇ ಪ್ರಶ್ನೆಗೆ ಉತ್ತರ ಬರೆಯುತ್ತಾರೆ. ಹೀಗಾಗಿ ಪದವಿಯ ಕಾಗದದಲ್ಲಿ ಹೆಚ್ಚು ಕಡಿಮೆ ಇಲ್ಲ. ವ್ಯತ್ಯಾಸವೆಲ್ಲ ಆ ಕಾಗದ ಕೈಗೆ ಬರುವ ತನಕ ಕಳೆಯುವ ದಿನಗಳಲ್ಲಿದೆ.

ಕಾನೂನು ಓದುವವರು ಊರು ಬಿಡಲೇಬೇಕಾಗಿದ್ದ ಕಾಲವೂ ಇತ್ತು. ಎಸ್. ನಿಜಲಿಂಗಪ್ಪನವರು ಪುಣೆಗೆ ಹೋಗಿ 1926ರಲ್ಲಿ ಕಾನೂನು ಪದವಿ ಪಡೆದು ಚಿತ್ರದುರ್ಗಕ್ಕೆ ಬಂದರು. 1939ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಾ ಸೊಸೈಟಿಯ ರಾಜಾ ಲಖಮಗೌಡ ಕಾನೂನು ಕಾಲೇಜು ಶುರುವಾಯಿತು. ಮಂಡ್ಯ ಜಿಲ್ಲೆಯ ಎಂಗಲಗುಪ್ಪೆಯ ಹುಡುಗನೊಬ್ಬ ಪುಣೆಯಲ್ಲಿಯೂ ಈ ಬೆಳಗಾವಿಯ ಕಾಲೇಜಿನಲ್ಲಿಯೂ ಓದಿದ. ಅವರೇ ಇ.ಎಸ್. ವೆಂಕಟರಾಮಯ್ಯ, 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಇಂಥ ಹೆಸರನ್ನು ಹೇಳಿಕೊಳ್ಳುವ ಕಾಲೇಜುಗಳು ನಾಡಿನಲ್ಲಿ ಹಲವಿವೆ. ಹೇಳಿಕೊಳ್ಳಲಿ, ತಪ್ಪಿಲ್ಲ. ಆದರೆ ಗೋಡೆಯ ಮೇಲಿನ ಫೋಟೊ ಪಾಠ ಮಾಡುವುದಿಲ್ಲ. ಹಳೆಯ ವಿದ್ಯಾರ್ಥಿಗಳ ಪಟ್ಟಿ ಬೋರ್ಡಿನಲ್ಲಿ ಕಂಡರೆ, ಕೊನೆಯ ಹೆಸರು ಯಾವ ಇಸವಿಯದು ನೋಡಿ.

ಎಪ್ಪತ್ತು ಎಂಬ ಅಂಕಿ

ಗುಮಾಸ್ತರು “ನೋಡ್ಕೋತೀವಿ” ಎಂದರಲ್ಲ, ಏನು ನೋಡಿಕೊಳ್ಳುವುದು? ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಪ್ರತಿ ವಿಷಯದಲ್ಲಿ ಶೇ 70ರಷ್ಟು ಹಾಜರಿ ಬೇಕು. ವಾರಕ್ಕೆ 30 ತಾಸಿಗೆ ಕಡಿಮೆ ಇಲ್ಲದಂತೆ ತರಗತಿ ನಡೆಯಬೇಕು. ವಕೀಲಿಯನ್ನು ಅಂಚೆಯಲ್ಲಿ ಕಲಿಯುವಂತಿಲ್ಲ ಎಂಬುದು ನಿಯಮದ ತಿರುಳು. 2024ರ ಸೆಪ್ಟೆಂಬರ್‌ನಲ್ಲಿ ಪರಿಷತ್ತು ಬಯೊಮೆಟ್ರಿಕ್ ಹಾಜರಿ, ತರಗತಿಯಲ್ಲಿ ಸಿಸಿಟಿವಿ ಇರಬೇಕೆಂದು ಸುತ್ತೋಲೆ ಹೊರಡಿಸಿತು. ನಾವು ಹೋದ ಮೊದಲ ಕಾಲೇಜಿನಲ್ಲಿ ಬೆರಳೊತ್ತುವ ಯಂತ್ರ ಇತ್ತು. ಅದರ ಪ್ಲಗ್ ಕಿತ್ತು ಅಲ್ಲಿ ಗುಮಾಸ್ತರ ಮೊಬೈಲ್ ಚಾರ್ಜಿಗೆ ಹಾಕಿತ್ತು.

ಈ ‘ಪರೀಕ್ಷೆಗಷ್ಟೆ’ ವ್ಯವಸ್ಥೆಯಲ್ಲಿ ಎಲ್ಲರಿಗೂ ಅನುಕೂಲವಿದೆ; ಅದಕ್ಕೇ ಬದುಕಿದೆ. ನೌಕರಿಯಲ್ಲಿದ್ದವನಿಗೆ ಪದವಿ ಸಿಗುತ್ತದೆ. ಕಾಲೇಜಿಗೆ ಶುಲ್ಕ ಸಿಗುತ್ತದೆ, ಪಾಠಕ್ಕೆ ಆಳು ಇಡುವ ಖರ್ಚು ಉಳಿಯುತ್ತದೆ. ನಷ್ಟವಾಗುವುದು ನಿಜವಾಗಿ ಕಲಿಯಲು ಬಂದ ಹದಿನೆಂಟರ ಹುಡುಗಿಗೆ. ಅರವತ್ತು ಮಂದಿಯ ತರಗತಿಗೆ ಆರು ಮಂದಿ ಬಂದರೆ ಎಂಥ ಮೇಷ್ಟ್ರಿಗೂ ಹುರುಪು ಇಳಿಯುತ್ತದೆ. ಆರು ಮೂರಾಗುತ್ತದೆ, ಮೂರು ಬೀಗವಾಗುತ್ತದೆ. ಬರದಿದ್ದರೂ ನಡೆಯುತ್ತದೆ ಎನ್ನುವ ಸೀಟಿನಷ್ಟು ದುಬಾರಿ ಸೀಟು ಇನ್ನೊಂದಿಲ್ಲ ಎಂಬುದು, ನಾಲ್ಕು ಕಾಲೇಜು ಸುತ್ತಿದ ಮೇಲೆ ನನಗೆ ಖಾತ್ರಿಯಾದ ಮಾತು.

ಸರ್ಟಿಫಿಕೇಟಿನ ಆಚೆಗೆ ಜರಡಿಯೂ ಒಂದಿದೆ: ಅಖಿಲ ಭಾರತ ವಕೀಲರ ಪರೀಕ್ಷೆ. ಸನ್ನದು ಪಡೆದವರು ವಕೀಲಿ ಮುಂದುವರಿಸಲು ಇದರಲ್ಲಿ ಪಾಸಾಗಬೇಕು. ಇದನ್ನು ಎತ್ತಿಹಿಡಿದ 2023ರ ಫೆಬ್ರುವರಿ 10ರ ಸುಪ್ರೀಂ ಕೋರ್ಟ್ ತೀರ್ಪಿನ ಹೆಸರೇ ಮಧ್ಯಪ್ರದೇಶದ ಒಂದು ಖಾಸಗಿ ಕಾನೂನು ಕಾಲೇಜಿನದು: ಬೊನಿ ಫೋಯ್ ಲಾ ಕಾಲೇಜು. ಆ ಕಾಲೇಜಿನ ಮಾನ್ಯತೆಯ ತಕರಾರಾಗಿ ಹುಟ್ಟಿದ ಕೇಸು, ದೇಶದ ಕಾನೂನು ಶಿಕ್ಷಣದ ಗುಣಮಟ್ಟವೇನು ಎಂಬ ದೊಡ್ಡ ಪ್ರಶ್ನೆಯಾಗಿ ಬೆಳೆದು ಸಂವಿಧಾನ ಪೀಠದವರೆಗೆ ಹೋಯಿತು.

[ಬಾಕ್ಸ್] ಕಾನೂನು ಓದು, ಅಂಕಿಯಲ್ಲಿ

ಪಿಯುಸಿ ನಂತರ 5 ವರ್ಷ, ಯಾವುದೇ ಪದವಿಯ ನಂತರ 3 ವರ್ಷ. ಪ್ರವೇಶಕ್ಕೆ ಕನಿಷ್ಠ ಅಂಕ: ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40.

ಒಂದು ಸೆಕ್ಷನ್‌ಗೆ 60 ವಿದ್ಯಾರ್ಥಿಗಳು.

ಇಂಟರ್ನ್‌ಶಿಪ್: 3 ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, 5 ವರ್ಷದ್ದಕ್ಕೆ 20 ವಾರ.

ಸನ್ನದು ಶುಲ್ಕ: ವಕೀಲರ ಕಾಯ್ದೆ 1961ರಂತೆ 750 ರೂಪಾಯಿ, ಪರಿಶಿಷ್ಟರಿಗೆ 125. ಇದಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ಹೇಳಿದೆ.

ನೂರಾ ಮೂರು ಎಲ್ಲಿದೆ?

ಗ್ರಂಥಾಲಯ ನೋಡುತ್ತೇವೆ ಎಂದರೆ ಎಲ್ಲರೂ ಕರೆದೊಯ್ದು ತೋರಿಸುತ್ತಾರೆ. ಗಾಜಿನ ಕಪಾಟು, ಅದರೊಳಗೆ ಕೆಂಪು ರಟ್ಟಿನ ಎಐಆರ್ ತೀರ್ಪು ಸಂಪುಟಗಳು. ಆ ಕೆಂಪು ಸಾಲಿಗೆ ಮರುಳಾಗಬೇಡಿ. ಕಪಾಟಿನ ಕೀಲಿ ಯಾರ ಬಳಿ ಇದೆ ಕೇಳಿ. ಕೀಲಿ ಹುಡುಕಲು ಹತ್ತು ನಿಮಿಷ ಹಿಡಿದರೆ ಉತ್ತರ ಸಿಕ್ಕಿತು.

ಈಗ ಇನ್ನೊಂದು ಸುಲಭದ ಪರೀಕ್ಷೆಯೂ ಒದಗಿದೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 511 ಕಲಮುಗಳ ಜಾಗದಲ್ಲಿ 358. ದಂಡ ಪ್ರಕ್ರಿಯೆಗೆ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯಕ್ಕೆ ಸಾಕ್ಷ್ಯ ಅಧಿನಿಯಮ. ಕೊಲೆಯ 302 ಈಗ 103. ಊರೂರಲ್ಲಿ ಬೈಗುಳವೇ ಆಗಿಹೋಗಿದ್ದ 420 ಈಗ 318ರೊಳಗೆ ಸೇರಿಕೊಂಡಿದೆ. “ನ್ಯಾಯ ಸಂಹಿತೆಯ ಪುಸ್ತಕ ಎಷ್ಟು ಪ್ರತಿ ಇವೆ, ಯಾರು ಯಾರು ಒಯ್ದಿದ್ದಾರೆ?” ಎಂದು ಕೇಳಿ ರಿಜಿಸ್ಟರ್ ನೋಡಿದರೆ ಸಾಕು, ಕಾಲೇಜು ಯಾವ ಇಸವಿಯಲ್ಲಿ ಬದುಕುತ್ತಿದೆ ಎಂದು ತಿಳಿಯುತ್ತದೆ. ಮೊದಲ ಕಾಲೇಜಿನ ರಿಜಿಸ್ಟರಿನ ಕೊನೆಯ ನಮೂದು ಹಿಂದಿನ ದೀಪಾವಳಿಗೂ ಮುಂಚಿನದು.

ತೀರ್ಪುಗಳ ಮಟ್ಟಿಗೆ ಮಾತ್ರ ಹಳೆಯ ಬಡತನ ಹೋಗಿದೆ. 2023ರ ಜನವರಿಯಿಂದ ಸುಪ್ರೀಂ ಕೋರ್ಟಿನ ‘ಇ-ಎಸ್‌ಸಿಆರ್’ನಲ್ಲಿ ತೀರ್ಪುಗಳು ಉಚಿತ. ‘ಇಂಡಿಯನ್ ಕಾನೂನ್’ ಜಾಲತಾಣವಂತೂ ತಾಲ್ಲೂಕು ಕೋರ್ಟಿನ ಕಿರಿಯ ವಕೀಲರ ಜೇಬಿನಲ್ಲೇ ಇದೆ. ಹಿಂದೆ ಲಕ್ಷಗಟ್ಟಲೆ ಸುರಿದು ಸಂಪುಟ ಕೊಳ್ಳುವ ದೊಡ್ಡ ಕಾಲೇಜಿಗಷ್ಟೇ ಸಿಗುತ್ತಿದ್ದುದು ಇಂದು ಮೊಬೈಲಿಗೂ ಸಿಗುತ್ತದೆ. ಅದರಲ್ಲಿ ಹುಡುಕುವುದು ಹೇಗೆ, ಓದುವುದು ಹೇಗೆ ಎಂದು ಹೇಳಿಕೊಡುವ ಮೇಷ್ಟ್ರು ಬೇಕು, ಅಷ್ಟೆ. ಆ ‘ಅಷ್ಟೆ’ಯೇ ಎಲ್ಲಕ್ಕಿಂತ ತುಟ್ಟಿ.

ಕರಿಕೋಟಿನ ಮೇಷ್ಟ್ರು

ಎರಡನೆಯ ಕಾಲೇಜಿಗೆ ಮರುವಾರ ಹೋದೆವು. ಕಟ್ಟಡ ಮೊದಲಿನದಕ್ಕಿಂತ ಹಳೆಯದು, ಹೆಂಚು ಸೋರಿದ ಕಡೆ ಬಕೆಟ್ ಇಟ್ಟಿದ್ದರು. ಬೆಳಗಿನ ಒಂಬತ್ತಕ್ಕೆ ನಾಲ್ಕನೇ ವರ್ಷದ ಕ್ಲಾಸು ನಡೆದಿತ್ತು. ಪಾಠ ಮಾಡುತ್ತಿದ್ದವರು ಊರಿನ ವಕೀಲರು, ಆಗಲೇ ಕರಿಕೋಟು ತೊಟ್ಟಿದ್ದರು. ಹನ್ನೊಂದಕ್ಕೆ ಕೋರ್ಟು.

“ಅಪ್ಪ 2005ಕ್ಕಿಂತ ಮೊದಲ ತೀರಿಕೊಂಡಾನ. ಪಿತ್ರಾರ್ಜಿತ ಹೊಲ, ಇನ್ನೂ ವಾಟ್ನಿ ಆಗಿಲ್ಲ. ಮಗಳಿಗೆ ಪಾಲು ಐತೋ ಇಲ್ಲೋ?”

ತರಗತಿ ಎರಡು ಪಕ್ಷವಾಯಿತು. ಇಲ್ಲ ಎಂದವರಿಗೆ ಅವರು 2020ರ ವಿನೀತಾ ಶರ್ಮಾ ತೀರ್ಪು ತೋರಿಸಿದರು: ಹಕ್ಕು ಹುಟ್ಟಿನಿಂದ ಬರುವುದು, ಮಗಳಿಗೂ ಪಾಲು ಕೊಟ್ಟ 2005ರ ತಿದ್ದುಪಡಿ ಜಾರಿಯಾದ ದಿನ ಅಪ್ಪ ಬದುಕಿರಲೇಬೇಕೆಂದಿಲ್ಲ. ಆಮೇಲೆ ಕರ್ನಾಟಕ ತಾನೇ 1994ರಲ್ಲಿ ಜಾರಿಗೆ ತಂದಿದ್ದ ತಿದ್ದುಪಡಿಯ ಕಥೆ. ಆಮೇಲೆ ಉತಾರದಲ್ಲಿ ಅಣ್ಣನ ಹೆಸರೊಂದೇ ಇದ್ದರೆ ದಾವೆಯಲ್ಲಿ ಏನು ಬೇಡಬೇಕು, ಹೇಗೆ ಬೇಡಬೇಕು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಅಕ್ಕನ ಮಗಳು ಅಪ್ಪನ ಕಡೆ ನೋಡಿದಳು. ಭಾವ ಕಿಟಕಿಯ ಹೊರಗೆ ಮಳೆ ನೋಡುತ್ತ ಕೂತರು. ಅವರಿಗೆ ಮೂವರು ತಂಗಿಯರು.

ಇಂಥ ಅರೆಕಾಲಿಕ ಮೇಷ್ಟ್ರುಗಳೇ ಸಣ್ಣ ಕಾಲೇಜಿನ ಬಲ, ಅವರೇ ಅದರ ದೌರ್ಬಲ್ಯವೂ ಹೌದು. ದೊಡ್ಡ ಕೇಸು ಬಂದ ದಿನ ಪಾಠ ತಪ್ಪುತ್ತದೆ. ದಾವೆ, ಜಾಮೀನು, ಪಾಟೀಸವಾಲು ಇವನ್ನು ಯಾವ ಪುಸ್ತಕವೂ ಹೇಳದಂತೆ ಹೇಳುತ್ತಾರೆ. ಕಂಪನಿ ಕಾನೂನು, ತೆರಿಗೆ, ಬೌದ್ಧಿಕ ಸ್ವತ್ತು ಎಂದರೆ ಗೈಡು ಓದಿಸಿ ಮುಗಿಸುತ್ತಾರೆ. ಎಲ್‌ಎಲ್‌ಎಂ ಮಾಡಿದ, ಕೆಸೆಟ್ ಅಥವಾ ನೆಟ್ ಪಾಸಾದ ಕಾಯಂ ಪ್ರಾಧ್ಯಾಪಕರು ಎಷ್ಟು ಮಂದಿ ಎಂದು ಕೇಳಲೇಬೇಕು. ಪ್ರಾಂಶುಪಾಲರು ಕೂಡಲೇ ಹೆಸರು ಹೇಳಿದರೆ ಸರಿ. “ನೇಮಕಾತಿ ನಡದೈತಿ” ಎಂದರೆ ಎಂದಿನಿಂದ ನಡೆದಿದೆ ಎಂದು ಕೇಳಿ.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೂ ಇದಕ್ಕೂ ಹೋಲಿಕೆ ಸಲ್ಲದು. 1988ರಲ್ಲಿ ಎನ್.ಆರ್. ಮಾಧವ ಮೆನನ್ ಅಲ್ಲಿ ಐದು ವರ್ಷದ ಕೋರ್ಸು ಶುರು ಮಾಡಿದಾಗ ಅದು ದೇಶಕ್ಕೇ ಹೊಸ ಮಾದರಿ. ಅಲ್ಲಿಗೆ ಹೋಗಲು ಇಂಗ್ಲಿಷಿನಲ್ಲೇ ನಡೆಯುವ ‘ಕ್ಲಾಟ್’ ಪ್ರವೇಶ ಪರೀಕ್ಷೆ ದಾಟಬೇಕು, ವರ್ಷದ ಖರ್ಚನ್ನು ಲಕ್ಷಗಳಲ್ಲಿ ಎಣಿಸಬೇಕು. ದೊಡ್ಡ ವಕೀಲಿ ಸಂಸ್ಥೆಗಳು ನೌಕರಿ ಕೊಡಲು ಬರುವುದು ಅಂಥ ಕಡೆಗೇ. ಜಿಲ್ಲಾ ಕೇಂದ್ರದ ಕಾಲೇಜು “ಶೇ 100 ಪ್ಲೇಸ್‌ಮೆಂಟ್” ಎಂದು ಫ್ಲೆಕ್ಸ್ ಕಟ್ಟಿದ್ದರೆ ನಕ್ಕು ಮುಂದೆ ಹೋಗಿ. ಇಲ್ಲಿ ಓದಿದವರಿಗೆ ಸಿಗುವ ಪ್ಲೇಸ್‌ಮೆಂಟು ಸೀನಿಯರ್ ವಕೀಲರ ಆಫೀಸಿನಲ್ಲಿ ಒಂದು ಕುರ್ಚಿ. ಮೊದಲ ಎರಡು ವರ್ಷ ಪೆಟ್ರೋಲಿಗಾದರೆ ಪುಣ್ಯ. ಪರಿಶಿಷ್ಟ ಮತ್ತು ಹಿಂದುಳಿದ ವರ್ಗದ ಹೊಸ ಕಾನೂನು ಪದವೀಧರರಿಗೆ ಸರ್ಕಾರದ ತರಬೇತಿ ಶಿಷ್ಯವೇತನ ಇದೆ. ಅದರ ಅರ್ಜಿ ಯಾವಾಗ ಕರೆಯುತ್ತಾರೆ ಎಂಬುದೂ ಗೊತ್ತಿರದ ಕಾಲೇಜು ಕಚೇರಿಗಳಿವೆ.

ನಡೆದು ಹೋಗುವಷ್ಟು ದೂರ

ಹಾಗಾದರೆ ಸಣ್ಣ ಊರಿನಲ್ಲಿ ಲಾಭವೇನು? ಕೋರ್ಟು. ಎರಡನೆಯ ಕಾಲೇಜಿನಿಂದ ಜಿಲ್ಲಾ ನ್ಯಾಯಾಲಯಕ್ಕೆ ನಡೆದರೆ ಹನ್ನೆರಡು ನಿಮಿಷ. ನಾನೇ ನಡೆದು ನೋಡಿದೆ. ಮಹಾನಗರದಲ್ಲಿ ಇಂಟರ್ನ್‌ಶಿಪ್‌ಗೆ ಶಿಫಾರಸು ಹುಡುಕಬೇಕು. ಇಲ್ಲಿ ಪಾಠ ಹೇಳಿದ ಮೇಷ್ಟ್ರ ಬೆನ್ನಿಗೇ ಹೋದರೆ ವಕಾಲತ್ತು ಬರೆಯುವುದು, ಕೈಫಿಯತ್ತು ಸಲ್ಲಿಸುವುದು, ಬೆಂಚ್ ಕ್ಲರ್ಕಿನ ಮುಖ ನೋಡಿ ಸಾಹೇಬರ ಮನಸ್ಥಿತಿ ಊಹಿಸುವುದು ಎಲ್ಲವೂ ಐದು ವರ್ಷದಲ್ಲಿ ಮೈಗೆ ಹತ್ತುತ್ತದೆ. ಉತ್ತರ ಕರ್ನಾಟಕದವರಿಗೆ ಹೈಕೋರ್ಟೂ ಹತ್ತಿರ ಬಂದಿದೆ. ಧಾರವಾಡ ಮತ್ತು ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠಗಳಾದವು, 2013ರಲ್ಲಿ ಅವು ಕಾಯಂ ಆದವು.

ಕಾಲೇಜು ಈ ದೂರವನ್ನು ಬಳಸಿಕೊಳ್ಳುತ್ತದೆಯೇ ಎಂಬುದು ಬೇರೆ ಮಾತು. ಕೋರ್ಟಿನ ಮಗ್ಗುಲಲ್ಲೇ ಇದ್ದು ಇಂಟರ್ನ್‌ಶಿಪ್ ಡೈರಿಯನ್ನು ಜೆರಾಕ್ಸ್ ಅಂಗಡಿಯಲ್ಲಿ ಬರೆಸುವ ಕಾಲೇಜುಗಳೂ ಇವೆ. ಕಾನೂನು ನೆರವು ಕೇಂದ್ರದ ಬೋರ್ಡು ಎಲ್ಲ ಕಡೆ ಇರುತ್ತದೆ. ಹೋದ ತಿಂಗಳು ಯಾವ ಹಳ್ಳಿಗೆ ಹೋಗಿದ್ದಿರಿ ಎಂದು ಕೇಳಿದರೆ ಬೋರ್ಡಿನ ಹಿಂದೇನಿದೆ ಗೊತ್ತಾಗುತ್ತದೆ. ಅಣಕು ನ್ಯಾಯಾಲಯದ ಸಭಾಂಗಣದಲ್ಲಿ ನ್ಯಾಯಾಧೀಶರ ಕುರ್ಚಿಯ ಮೇಲೆ ಬೆರಳಾಡಿಸಿ ಧೂಳು ನೋಡಿ.

ಇನ್ನೊಂದು ಲಾಭ ಕನ್ನಡ. ಕಾನೂನು ವಿಶ್ವವಿದ್ಯಾಲಯದ ಹಳೆಯ ಪ್ರಶ್ನೆಪತ್ರಿಕೆಗಳ ನೆತ್ತಿಯ ಮೇಲೇ ಬರೆದಿರುತ್ತದೆ: ಉತ್ತರ ಪೂರ್ತಿ ಕನ್ನಡದಲ್ಲಿರಲಿ, ಇಲ್ಲವೇ ಪೂರ್ತಿ ಇಂಗ್ಲಿಷಿನಲ್ಲಿರಲಿ. ಸರ್ಕಾರಿ ಶಾಲೆಯಿಂದ ಬಂದವರಿಗೆ ಇದೇ ಏಣಿ. ಆದರೆ ಕನ್ನಡವೊಂದನ್ನೇ ನಂಬಿ ಕೂತರೆ ಏಣಿ ಅರ್ಧಕ್ಕೇ ನಿಲ್ಲುತ್ತದೆ: ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟಿನ ಭಾಷೆ ಇಂಗ್ಲಿಷು. ಸಿವಿಲ್ ನ್ಯಾಯಾಧೀಶರ ಪರೀಕ್ಷೆಯಲ್ಲಿ ಎರಡೂ ಕಡೆಗಿನ ಭಾಷಾಂತರದ ಪತ್ರಿಕೆಯೇ ಇದೆ. ಆ ಪರೀಕ್ಷೆಗೆ ಕನಿಷ್ಠ ಮೂರು ವರ್ಷದ ವಕೀಲಿ ಬೇಕೆಂದು 2025ರ ಮೇ 20ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಪದವಿ ಮುಗಿಸಿ ಕೋಣೆ ಬಾಡಿಗೆ ಹಿಡಿದು ಓದಿಯೇ ಜಡ್ಜಾಗುತ್ತೇನೆ ಎಂಬ ದಾರಿ ಮುಚ್ಚಿತು. ಕೋರ್ಟಿನ ಗಾಳಿ ಕುಡಿದವರಿಗೇ ಇನ್ನು ಮುಂದೆ ಅವಕಾಶ.

ಪ್ರತಿದಿನ ಬಂದು ಹೋಗುವ ಖರ್ಚಿನ ಲೆಕ್ಕವೂ ಬದಲಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. “ಹಾಸ್ಟೆಲ್ ಬ್ಯಾಡ, ಹೋಗಿ ಬರಲಿ” ಎಂದ ಅಕ್ಕನ ಒಂದು ಮಾತಿನ ಹಿಂದೆ ಈ ಲೆಕ್ಕ ಇತ್ತು.

[ಬಾಕ್ಸ್] ಶುಲ್ಕ ಕಟ್ಟುವ ಮುನ್ನ

ವಕೀಲರ ಪರಿಷತ್ತಿನ ಅನುಮೋದನೆ ಯಾವ ವರ್ಷದವರೆಗಿದೆ, ಎಷ್ಟು ಸೆಕ್ಷನ್‌ಗಿದೆ ಎಂಬ ಪತ್ರವನ್ನೇ ತೋರಿಸಲು ಹೇಳಿ. “ಐತ್ರೀ” ಎಂಬ ಮಾತು ಸಾಲದು. ವಿಶ್ವವಿದ್ಯಾಲಯದ ಆ ವರ್ಷದ ಸಂಯೋಜನೆಯ ಪತ್ರವೂ ಇರಲಿ.

ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ‘ಅಭಿವೃದ್ಧಿ ನಿಧಿ’ಗೆ ಬೇರೆ ಚೀಟಿ ಕೊಟ್ಟರೆ ಅದರ ಮೇಲೆ ಯಾರ ಮೊಹರು ಇದೆ ನೋಡಿ.

ವಾರದ ನಡುವಿನ ದಿನ, ಹೇಳದೆ ಹೋಗಿ.

ಪ್ರಾಂಶುಪಾಲರನ್ನು ಮಾತಾಡಿಸಿದ ಮೇಲೆ ಮೂರನೇ ವರ್ಷದವರನ್ನು ಮಾತಾಡಿಸಿ. ಮೊದಲ ವರ್ಷದವರಿಗೆ ಇನ್ನೂ ಭ್ರಮೆ ಇರುತ್ತದೆ, ಕೊನೆಯ ವರ್ಷದವರಿಗೆ ಹೊರಡುವ ಅವಸರ.

ಕೊನೆಯ ಸಲಹೆಯನ್ನು ನಾವು ಚಹಾದಂಗಡಿಯಲ್ಲಿ ಪಾಲಿಸಿದೆವು. ಎರಡನೆಯ ಕಾಲೇಜಿನ ಗೇಟಿನೆದುರು ಮಿರ್ಚಿ ತಿನ್ನುತ್ತಿದ್ದ ಹುಡುಗಿಯರಿಬ್ಬರು ಕಾಲೇಜನ್ನು ಮನಸಾರೆ ಬೈದರು. ಶೌಚಾಲಯಕ್ಕೆ ನೀರಿಲ್ಲ, ಇಂಗ್ಲಿಷ್ ಮೇಡಂ ಬಿಟ್ಟುಹೋಗಿ ನಾಲ್ಕು ತಿಂಗಳಾಯಿತು, ವಿಶ್ವವಿದ್ಯಾಲಯದ ಫಲಿತಾಂಶ ಯಾವಾಗಲೂ ತಡ. ಬೈದು ಮುಗಿಸಿ ಒಬ್ಬಳು ಗಡಿಯಾರ ನೋಡಿಕೊಂಡು ಎದ್ದಳು: “ನಡೀ, ಸಾಕ್ಷ್ಯದ ಕ್ಲಾಸಿಗೆ ಲೇಟಾದ್ರ ಸರ್ ಒಳಗ ಬಿಡೂದಿಲ್ಲ.”

ಭಾವ ಚಹಾದ ದುಡ್ಡು ಕೊಟ್ಟರು. ಅಕ್ಕನ ಮಗಳು ಆಗಲೇ ಗೇಟು ದಾಟಿ ಒಳಗೆ ಹೋಗಿದ್ದಳು.

ಎರಡನೆಯ ಕಾಲೇಜಿಗೇ ಶುಲ್ಕ ಕಟ್ಟಿದ್ದಾಯಿತು, ರಸೀದಿಯೂ ಬಂತು. ತರಗತಿಗಳು ಬರುವ ಸೋಮವಾರ ಎಂಟೂವರೆಗೆ ಶುರು. ಮೊದಲ ಕಾಲೇಜಿನ ಗುಮಾಸ್ತರು ಮೊನ್ನೆಯೂ ಭಾವನಿಗೆ ಫೋನು ಮಾಡಿದ್ದರು. ಸೀಟು ಇನ್ನೂ ಇದೆಯಂತೆ.